ಯಾರ್ಯಾರವ್ರೆ, ಯಾರ್ದು ಯಾವ ಪಾರ್ಟು?

ಕುರುಕ್ಷೇತ್ರ ಅಂದ್ರೆ ನಮ್ಮ ಕಡೆ ಯಾರೂ ಕಥೆ ಏನು ಅಂತ ಕೇಳಲ್ಲ. ಗೊತ್ತಿಲ್ದೇ ಇರೋರು ಯಾರವ್ರೆ ಹೇಳಿ? ಮೊಲೆಹಾಲು ಕುಡಿಯೋ ಕೂಸಿಗೂ ದುರ್ಯೋಧನನ ತೊಡೆ ಮುರೀತದೆ ಅಂತ ಗೊತ್ತು. ಕೇಳೋದು ಒಂದೇ ಮಾತು, "ಯಾರ್ಯಾರವ್ರೆ, ಯಾರ್ದು ಯಾವ ಪಾರ್ಟು?" ಊರಬ್ಬದ ನಾಟಕಕ್ಕೂ ಅದೇ ಮಾತು, 2019ರಲ್ಲಿ ಬಂದ ಸಿನಿಮಾಕ್ಕೂ ಅದೇ ಮಾತು.

ಆ ವರ್ಷ ನಮ್ಮ ಮೈದನ ಮಗ ಮೈಸೂರಿಗೆ ಹೋಗಿ ಅವೆಂಜರ್ಸ್ ಎಂಡ್‌ಗೇಮ್ ಅನ್ನೋ ಇಂಗ್ಲೀಷ್ ಸಿನಿಮಾ ನೋಡ್ಕೊಂಡು ಬಂದ. ಬಂದೋನು ಒಂದು ವಾರ ಗೆಳೆಯರ ಜೊತೆ ಫೋನಲ್ಲಿ ಕಿತ್ತಾಡಿದ್ದೇ ಕಿತ್ತಾಡಿದ್ದು. ಥಾರ್ ಜಾಸ್ತಿಯೋ ಐರನ್ ಮ್ಯಾನ್ ಜಾಸ್ತಿಯೋ, ಯಾರಿಗೆ ಹೆಚ್ಚು ಹೊತ್ತು ಕೊಟ್ಟವ್ರೆ, ಯಾರನ್ನ ಮೂಲೆಗೆ ತಳ್ಳವ್ರೆ. ಅಡುಗೆ ಮನೇಲಿ ಸೊಪ್ಪು ಸೋಸ್ತಾ ಕೂತಿದ್ದ ನಮ್ಮತ್ತೆ ಅದನ್ನೆಲ್ಲಾ ಕೇಳಿಸ್ಕೊಂಡು, "ಇದೇನ್ಲಾ, ನಮ್ಮೂರಲ್ಲಿ ಪಾರ್ಟು ಹಂಚೋ ದಿನ ಆಡ್ತಿದ್ರಲ್ಲ, ಅಂಗೇ ಆಡ್ತಿದ್ದೀಯ" ಅಂದ್ರು. ಅವತ್ತೇ ನನಗೆ ಇದನ್ನ ಬರೀಬೇಕು ಅನ್ನಿಸಿದ್ದು. ಅಭಿಮಾನಿ ಅಂದ್ರೆ ಕಟೌಟಿಗೆ ಹಾಲು ಸುರಿಯೋ ಗಂಡುಡುಗ್ರು ಅಂತಲೇ ಎಲ್ಲರ ಲೆಕ್ಕ. ನಲ್ಲಿ ತಾವ, ಒಲೆ ತಾವ, ಬೀಗರ ಮನೆ ಜಗಲಿ ಮೇಲೆ ನಾವು ಆಡ್ಕೊಂಡಿದ್ದನ್ನ ಯಾರು ಬರೆದಿಟ್ಟವ್ರೆ?

ಮೊದಲು ನಾಟಕದ ವಿಷಯ. ನನ್ನ ತವರು ಮಳವಳ್ಳಿ ತಾಲ್ಲೂಕು. ಸುಗ್ಗಿ ಮುಗಿದು ಕೈಯಲ್ಲಿ ನಾಕು ಕಾಸು ಆಡೋ ಹೊತ್ತಿಗೆ ಊರಲ್ಲಿ ನಾಟಕದ ಮಾತು ಏಳ್ತಿತ್ತು. ನಾಟಕ ಅಂದ್ರೆ ಕುರುಕ್ಷೇತ್ರ, ಬೇರೆ ಮಾತಿಲ್ಲ. ಹಾರ್ಮೋನಿಯಂ ಮೇಷ್ಟ್ರನ್ನ ಗೊತ್ತು ಮಾಡ್ತಿದ್ರು. ಎರಡು ಮೂರು ತಿಂಗಳು ದಿನಾ ರಾತ್ರಿ ಉಂಡಾದ ಮೇಲೆ ಪ್ರಾಕ್ಟೀಸು. ಆದ್ರೆ ಅದಕ್ಕೂ ಮುಂಚೆ ಒಂದು ದೊಡ್ಡ ಪಂಚಾಯ್ತಿ ಇತ್ತು, ಅದೇ ಪಾರ್ಟು ಹಂಚೋದು. ನಮ್ಮ ಕಡೆ ನಾಟಕದಲ್ಲಿ ಆಡೋರಿಗೆ ದುಡ್ಡು ಕೊಡಲ್ಲ, ಆಡೋರೇ ದುಡ್ಡು ಕಟ್ಟಿ ಪಾರ್ಟು ತಗೋಬೇಕು. ಕೃಷ್ಣಂಗೆ, ದುರ್ಯೋಧನಂಗೆ ಜಾಸ್ತಿ. ಧರ್ಮರಾಯನ ಪಾರ್ಟಿಗೆ ಕಮ್ಮಿ, ಪಾಪ, ಅಷ್ಟು ಒಳ್ಳೆಯೋನಾದ್ರೆ ನಾಟಕದಲ್ಲೂ ರೇಟಿಲ್ಲ. ಕಬ್ಬಿನ ಬಿಲ್ಲು ಸಂದಾಗಿ ಬಂದ ವರ್ಷ ದುರ್ಯೋಧನನ ರೇಟು ಏರ್ತಿತ್ತು, ಬಿಲ್ಲು ಬಾಕಿ ನಿಂತ ವರ್ಷ ಇಳೀತಿತ್ತು.

ಒಂದೇ ಪಾರ್ಟಿಗೆ ಇಬ್ಬರು ಹಟ ಹಿಡಿದು ಕೂತ್ರೆ ಏನ್ಮಾಡೋದು? ಅದಕ್ಕೆ ನಮ್ಮೋರು ಕಂಡ್ಕೊಂಡಿದ್ದ ದಾರಿ ನೋಡಿ ಎಷ್ಟು ಪಸಂದಾಗದೆ: ಇಬ್ಬರಿಗೂ ಕೊಟ್ಬುಡದು. ಈಗಲೂ ನಾಟಕದ ಪಾಂಪ್ಲೆಟ್ ತಗೊಂಡು ನೋಡಿ, 1ನೇ ಕೃಷ್ಣ, 2ನೇ ಕೃಷ್ಣ, 1ನೇ ದುರ್ಯೋಧನ, 2ನೇ ದುರ್ಯೋಧನ ಅಂತ ಹಾಕಿರ್ತಾರೆ. ಅರ್ಧ ರಾತ್ರಿ ತನಕ ಒಬ್ಬ, ಆಮೇಲೆ ಇನ್ನೊಬ್ಬ. ಹೊರಗಿನೋರು ಕಂಡ್ರೆ ನಗ್ತಾರೆ, ಒಂದು ಸಲ ಕುಳ್ಳಗಿದ್ದ ದುರ್ಯೋಧನ ಆಮೇಲೆ ಬರೋವಾಗ ಉದ್ದಕ್ಕಾಗಿ ಬಂದ್ನಲ್ಲ ಅಂತ. ನಮಗೆ ಅದೇನೂ ಅನ್ನಿಸ್ತಿರ್ಲಿಲ್ಲ. ಭಾಗ ಮಾಡೋವಾಗ ಅಣ್ಣಂಗೆ ಮೂಡಗಡೆ ಹೊಲ, ತಮ್ಮಂಗೆ ಪಡುವಗಡೆ ಹೊಲ ಅಂತ ಹಂಚ್ದಂಗೆ ದುರ್ಯೋಧನನ್ನೂ ಹಂಚ್ಕೋತಿದ್ರು.

ನಮ್ಮ ಚಿಕ್ಕಪ್ಪ ಒಂದು ವರ್ಷ 2ನೇ ದುರ್ಯೋಧನ ಆದ್ರು. ಎರಡು ಕಡಸು ಮಾರಿ ಪಾರ್ಟು ಕಟ್ಟಿದ್ದು. ಚಿಕ್ಕವ್ವ ಮೂರು ದಿನ ಒಲೆ ಹಚ್ಚಲಿಲ್ಲ, "ಕಿರೀಟ ಹಾಕ್ಕೊಂಡು ಮೆರಿಯಕೆ ಕೊಟ್ಟಿಗೆ ಬರಿದು ಮಾಡಿದ್ರಲ್ಲ" ಅಂತ. ನಾಟಕದ ದಿನ ಬಂತು ನೋಡಿ, ಅದೇ ಚಿಕ್ಕವ್ವ ಮದುವೆ ಸೀರೆ ಉಟ್ಟು, ಸಂಜೇಗೇ ಹೋಗಿ ಮುಂದುಗಡೆ ಚಾಪೆ ಹಾಸಿ ಜಾಗ ಹಿಡಿದ್ರು. ಚಿಕ್ಕವ್ವನ ತವರಿಂದ ಹಾರ ಬಂತು, ಉಂಗುರ ಬಂತು, ರಂಗದ ಮೇಲೇ ತೊಡಿಸಿದ್ರು. 1ನೇ ದುರ್ಯೋಧನನ ಹೆಂಡ್ತಿಗೂ ಚಿಕ್ಕವ್ವಂಗೂ ಅವತ್ತಿಂದ ಮಾತು ಕಟ್. ಯಾರ ಗಂಡಂಗೆ "ಒನ್ಸ್ ಮೋರ್" ಜಾಸ್ತಿ ಬಿತ್ತು ಅಂತ. ಯುಗಾದಿ ತನಕ ನಡೀತು ಆ ಯುದ್ಧ, ಹದಿನೆಂಟು ದಿನಕ್ಕೆಲ್ಲಾ ಮುಗೀಲಿಲ್ಲ.

ಇದರಲ್ಲಿ ಹೆಂಗಸ್ರಿಗೆ ಪಾರ್ಟಿಲ್ಲ ಕಣ್ರವ್ವ. ದ್ರೌಪದಿ, ಕುಂತಿ, ಉತ್ತರೆ ಮಾಡಕೆ ಮೈಸೂರಿಂದಲೋ ಮಂಡ್ಯದಿಂದಲೋ ಕಲಾವಿದೆಯರನ್ನ ಕರೆಸ್ತಿದ್ರು, ಅವರಿಗೆ ರಾತ್ರಿ ಲೆಕ್ಕದಲ್ಲಿ ದುಡ್ಡು. ಊರಿನ ಹೆಣ್ಣುಮಗಳು ಬಣ್ಣ ಹಚ್ಚೋ ಮಾತೇ ಇರ್ಲಿಲ್ಲ. ಆದ್ರೆ ಯಾರು ಸಂದಾಗಿ ಮಾಡಿದ್ರು, ಯಾರು ಕೆಡಿಸಿದ್ರು ಅನ್ನೋ ತೀರ್ಪು ಹೆಂಗಸ್ರದ್ದೇ. ಮಾರನೇ ದಿನ ಬಟ್ಟೆ ಒಗೆಯೋ ಕಲ್ಲಿನ ತಾವ ಅದು ಹೊರಬೀಳ್ತಿತ್ತು. ಮದ್ದೂರು ಕಡೆ ಹುಡುಗಿ ಕೊಟ್ಟೋರು, ಮಳವಳ್ಳಿ ಕಡೆಯಿಂದ ತಂದೋರು, ಎಲ್ಲಾ ನೆಂಟರೂ ನಾಟಕಕ್ಕೆ ಬಂದಿರೋರು. ಆ ತೀರ್ಪು ನಾಕೂರಿಗೆ ಹಬ್ಬೋದು. "ಅವನೇನವ್ವ, ಸಾಯೋವಾಗ ಕಿರೀಟ ಸರಿ ಮಾಡ್ಕೊಂಡು ಸಾಯ್ತಾನೆ" ಅಂತ ನಮ್ಮೂರ ಕರ್ಣನ ಮೇಲೆ ಬಿದ್ದ ಮಾತು ಅವನು ಮುದುಕ ಆದ್ರೂ ಹೋಗ್ಲಿಲ್ಲ.

ಗುಬ್ಬಿ ವೀರಣ್ಣನವರ ಕಂಪನಿಯೋರು ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆ ತರ್ತಿದ್ರಂತೆ. ಅದನ್ನ ನೋಡಿದ್ದ ಹಿರೀಕರು ಬಾಯ್ತುಂಬ ಹೇಳೋರು. ಹಳ್ಳಿ ನಾಟಕದೋರಿಗೆ ಆನೆ ಎಲ್ಲಿಂದ ಬರ್ಬೇಕು, ಬಾಡಿಗೆ ಸೀನರಿ, ಬಾಡಿಗೆ ಕಿರೀಟ, ಭುಜಕೀರ್ತಿ. ಆದ್ರೆ ಹಳ್ಳಿ ನಾಟಕದಲ್ಲಿ ಒಂದು ದೊಡ್ಡತನ ಇತ್ತು. ಯಾರ ಪಾರ್ಟನ್ನೂ ಕತ್ತರಿಸ್ತಿರ್ಲಿಲ್ಲ. ದುಡ್ಡು ಕಟ್ಟಿದ ಪ್ರತಿಯೊಬ್ಬಂಗೂ ಅವನದೇ ಪ್ರವೇಶ, ಅವನದೇ ಹಾಡು. ಅದಕ್ಕೇ ರಾತ್ರಿ ಒಂಬತ್ತಕ್ಕೆ ಶುರುವಾದ ನಾಟಕ ಹೊತ್ತು ಮೂಡಿದ್ರೂ ಮುಗೀತಿರ್ಲಿಲ್ಲ. ಗದಾಯುದ್ಧ ನಡೀವಾಗ ಹಾಲು ಕರೆಯೋ ಹೊತ್ತಾಗಿ ಅರ್ಧ ಹೆಂಗಸ್ರು ಎದ್ದು ಹೋಗಿರೋರು.

ಸಿನಿಮಾದಲ್ಲಿ ಹೊತ್ತು ಮೂರೇ ಗಂಟೆ. ಜಗಳ ಎಲ್ಲಾ ಅಲ್ಲಿಂದಲೇ ಶುರು ಅಂತ ನನ್ನ ಲೆಕ್ಕ. ನೆಲ ಕಮ್ಮಿ ಆದಂಗೆ ಭಾಗದ ಜಗಳ ಜಾಸ್ತಿ ಆಯ್ತದಲ್ಲ, ಹಂಗೆ.

ನಮ್ಮವ್ವ ಹೇಳ್ತಿದ್ದಿದ್ದು 1973ರ ಗಂಧದ ಗುಡಿ ವಿಷಯ. ರಾಜ್‌ಕುಮಾರ್ ಅಷ್ಟೊತ್ತಿಗಾಗಲೇ ಮನೆಮನೆಯ ಅಣ್ಣಾವ್ರು. ವಿಷ್ಣುವರ್ಧನ್ ಹಿಂದಿನ ವರ್ಷದ ಕೊನೇಲಿ ನಾಗರಹಾವಿನಲ್ಲಿ ರಾಮಾಚಾರಿಯಾಗಿ ಬಂದು ಎಲ್ಲರ ಬಾಯಲ್ಲೂ ಇದ್ದ ಹೊಸ ಹುಡುಗ. ಅದೇ ನಾಗರಹಾವಿನಲ್ಲಿ ಜಲೀಲನಾಗಿ ಒಂದು ಸಣ್ಣ ಪಾರ್ಟು ಮಾಡಿದ್ದೋನು ನಮ್ಮ ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆ ಹುಡುಗ, ಪಿಟೀಲು ಚೌಡಯ್ಯನವರ ಮೊಮ್ಮಗ, ಅಂಬರೀಷ್. ಆಗ ಯಾರಿಗೆ ಗೊತ್ತಿತ್ತು ಅವನೂ ದೊಡ್ಡ ಹೀರೋ ಆಯ್ತಾನೆ ಅಂತ. ಆ ಸಿನಿಮಾ ನೋಡ್ದಾಗ "ಯಾರವ್ವ ಈ ಪುಂಡ" ಅಂತ ಬೈಕೊಂಡು ಬಂದಿದ್ರಂತೆ ನಮ್ಮವ್ವ. ಆಮೇಲೆ ನಮ್ಮೋನೇ ಅಂತ ಗೊತ್ತಾದ ಮೇಲೆ ಆ ಪುಂಡಾಟವೂ ಸೊಗಸು.

ಗಂಧದ ಗುಡೀಲಿ ರಾಜ್‌ಕುಮಾರ್, ವಿಷ್ಣುವರ್ಧನ್ ಒಬ್ಬರ ಮೇಲೊಬ್ಬರು ಬೀಳೋ ಪಾರ್ಟು. ಕಥೇಲಿ ಇಬ್ಬರೂ ಒಬ್ಬ ತಾಯಿ ಮಕ್ಕಳು, ಚಿಕ್ಕಂದಿನಲ್ಲೇ ಬೇರೆಯಾದೋರು. ಶೂಟಿಂಗ್‌ನಲ್ಲಿ ಬಂದೂಕದೊಳಗೆ ನಿಜವಾದ ಗುಂಡು ಇತ್ತು ಅಂತ ಒಂದು ಸುದ್ದಿ ಹುಟ್ಟಿಕೊಳ್ತು. ಆ ಸುದ್ದಿ ಬೆಳೆದು ಬೆಳೆದು, ರಾಜ್ ಅಭಿಮಾನಿ, ವಿಷ್ಣು ಅಭಿಮಾನಿ ಅಂತ ಎರಡು ಪಾಳಯ ಆಗೋಯ್ತು. ಆಮೇಲೆ ಅವರಿಬ್ಬರೂ ಜೊತೇಲಿ ಇನ್ನೊಂದು ಸಿನಿಮಾ ಮಾಡ್ಲೇ ಇಲ್ಲ. ನಮ್ಮವ್ವ ಹೇಳ್ತಿದ್ದಿದ್ದು ಇಷ್ಟೇ, "ಪರದೆ ಮೇಲೆ ಆ ತಾಯಿ ಇಬ್ಬರೂ ಬೇಕು ಅಂತ ಗೋಳಾಡ್ತಾಳೆ, ಅದನ್ನ ನೋಡ್ಕೊಂಡು ಈಚೆಗೆ ಬಂದೋರು ಒಬ್ಬನೇ ಸಾಕು ಅಂತ ಬಡಿದಾಡ್ತಾರೆ." ಇದಕ್ಕಿಂತ ಸರಿಯಾಗಿ ಯಾವ ಪತ್ರಿಕೆಯೋರೂ ಬರೆದಿದ್ದನ್ನ ನಾನು ಓದಿಲ್ಲ.

1994ರಲ್ಲಿ ಒಡಹುಟ್ಟಿದವರು ಬಂತು. ನಾನು ಆಗತಾನೆ ಮದುವೆಯಾಗಿ ಮದ್ದೂರು ಕಡೆಗೆ ಬಂದಿದ್ದೆ. ರಾಜ್‌ಕುಮಾರ್ ಅಣ್ಣ, ಅಂಬರೀಷ್ ತಮ್ಮ, ದೊರೈ-ಭಗವಾನ್ ಮಾಡಿದ್ದು. ಮಂಡ್ಯ ಜಿಲ್ಲೇಲಿ ಅದಕ್ಕೆ ಪಾಳಯವೇ ಏಳ್ಲಿಲ್ಲ. ಯಾಕೆ ಅಂದ್ರೆ ತಮ್ಮನಾದೋನು ಅಣ್ಣನ ಮುಂದೆ ತಗ್ಗೋದು ನಮ್ಮಲ್ಲಿ ಸೋಲಲ್ಲ. ಅಂಬರೀಷಣ್ಣ ಅಣ್ಣಾವ್ರ ಕಾಲಿಗೆ ಬಿದ್ರೆ ನಮ್ಮ ಜಿಲ್ಲೆ ಮಾನ ಏನೂ ಹೋಗ್ಲಿಲ್ಲ. ಅದೇ ಸಮಸಮನಾದೋರು ಆಗಿದ್ರೆ ಒಬ್ಬನ ಹೊಡೆತ ಇನ್ನೊಬ್ಬಂಗಿಂತ ಒಂದು ಜಾಸ್ತಿ ಬಿದ್ರೂ ಟಾಕೀಸಿನ ಕುರ್ಚಿ ಹರೀತಿತ್ತು. ನಾನೂ ನಮ್ಮತ್ತೇನೂ ಎರಡು ಸಲ ನೋಡಿದ್ವಿ. ಎರಡನೇ ಸಲ ನಮ್ಮತ್ತೆ ಹೋಗಿದ್ದು ಮೈದಂಗೂ ನಮ್ಮನೆಯೋರಿಗೂ ತೋರಿಸಕ್ಕೆ ಅಂತ, ಭಾಗದ ಮಾತು ಆಗ್ಲೇ ಮನೇಲಿ ಓಡಾಡ್ತಿತ್ತು. ತೋರಿಸಿದ್ರು, ಇಬ್ಬರೂ ಅತ್ತರು, ಮುಂದಿನ ವರ್ಷ ಭಾಗವೂ ಆಯ್ತು. ಒಂದೇ ಮನೆಗೆ ನಡುವೆ ಗೋಡೆ, ಎರಡು ಒಲೆ, ನಲ್ಲಿ ಒಂದೇ.

2001ರ ದಿಗ್ಗಜರು ಬಗ್ಗೆ ಬಹಳ ಹೇಳೋದಿಲ್ಲ. ವಿಷ್ಣು, ಅಂಬಿ ಇಬ್ಬರೂ ಸಮಸಮ, ಆದ್ರೂ ಗಲಾಟೆ ಆಗ್ಲಿಲ್ಲ, ಯಾಕೆ ಅಂದ್ರೆ ಪರದೆ ಆಚೆಗೂ ಅವರು ಕುಚಿಕು ಗೆಳೆಯರು ಅಂತ ಊರಿಗೇ ಗೊತ್ತಿತ್ತು. ನೋಡೋರ ಜಗಳಕ್ಕೆ ಅವರೇ ಜಾಗ ಕೊಡ್ಲಿಲ್ಲ. 2009ರ ಡಿಸೆಂಬರ್ 30ಕ್ಕೆ ವಿಷ್ಣು ಹೋದಾಗ "ಅಂಬರೀಷಣ್ಣ ಒಂಟಿಯಾಗ್ಬುಟ್ಟ" ಅಂತ ನಮ್ಮ ಬೀದೀಲಿ ಹೆಂಗಸ್ರು ಮರುಗಿದ್ದು ಅದಕ್ಕೇ.

ನಡುವೆ ಟೀವಿ ಮಹಾಭಾರತ ಒಂದು ಬಂದೋಯ್ತು, 1988ರಿಂದ 90ರ ತನಕ ಭಾನುವಾರ ಬೆಳಗ್ಗೆ. ಹಿಂದಿ ಯಾರಿಗೂ ಬರ್ತಿರ್ಲಿಲ್ಲ. ಟೀವಿ ಇದ್ದೋರ ಮನೆ ಹಜಾರದಲ್ಲಿ ಮೂವತ್ತು ಜನ ಕೂತು, ಪರದೆ ಮೇಲಿನೋರು ಆಡೋ ಮಾತಿಗೆ ನಮ್ಮವ್ವನ ಓರಗೆಯೋರು ನಾಟಕದ ಮಾತನ್ನೇ ಸೇರಿಸಿ ಹೇಳೋರು. ಅಲ್ಲಿ ಯಾರೂ ನಮಗೆ ಗೊತ್ತಿರೋ ನಟರಲ್ಲ, ಅದಕ್ಕೇ ಕಿತ್ತಾಟವೂ ಇಲ್ಲ. ದೇವರನ್ನ ನೋಡ್ದಂಗೆ ನೋಡಿ ಎದ್ದು ಬಂದ್ವಿ.

ಇನ್ನು 2018ಕ್ಕೆ ಬರ್ತೀನಿ. ನವೆಂಬರ್ 24, ಶನಿವಾರ. ಅವತ್ತು ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ರ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಹೋದ್ರು, ಸ್ಕೂಲಿಂದ ಬರ್ತಿದ್ದ ಮಕ್ಕಳೂ ಇದ್ರು. ಜಿಲ್ಲೆ ಮನೆಗಳಲ್ಲೆಲ್ಲ ಅವತ್ತು ಒಲೆ ಮುಂದೆ ಅದೇ ಮಾತು. ರಾತ್ರಿ ಟೀವಿ ಆರಿಸೋ ಮುಂಚೆ ಇನ್ನೊಂದು ಸುದ್ದಿ, ಬೆಂಗಳೂರಲ್ಲಿ ಅಂಬರೀಷ್ ಹೋದ್ರು ಅಂತ. ಮಾರನೇ ದಿನ ಹೆಲಿಕಾಪ್ಟರಿನಲ್ಲಿ ತಂದು ಮಂಡ್ಯದ ವಿಶ್ವೇಶ್ವರಯ್ಯ ಸ್ಟೇಡಿಯಂನಲ್ಲಿ ಇಟ್ರು. ರಾತ್ರಿಯೆಲ್ಲ ಜನ. ಬೆಳಗ್ಗೆ ಕಳಿಸಿಕೊಡೋವಾಗ ಸುಮಲತಾ ಮಂಡ್ಯದ ಮಣ್ಣು ತಗೊಂಡು ಅವರ ಹಣೆಗೆ ಇಟ್ರಲ್ಲ, ಅದನ್ನ ಟೀವೀಲಿ ನೋಡಿ ನಮ್ಮತ್ತೆ ಸೆರಗು ಬಾಯಿಗೆ ತುಂಬ್ಕೊಂಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ದಂಗದೆ. ಎಷ್ಟೋ ಸಿನಿಮಾದಲ್ಲಿ ಅವರನ್ನ ಕಂಡು ನಕ್ಕಿದ್ದೋರು.

ಅಷ್ಟೊತ್ತಿಗೆ ಕುರುಕ್ಷೇತ್ರ ಸಿನಿಮಾದಲ್ಲಿ ಅವರು ಭೀಷ್ಮನ ಪಾರ್ಟು ಮುಗಿಸಿ ಆಗಿತ್ತು. 2017ರಲ್ಲಿ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟೀಲಿ ಶುರುವಾದ ಸಿನಿಮಾ, ಇವತ್ತು ಬರ್ತದೆ ನಾಳೆ ಬರ್ತದೆ ಅಂತ ಮುಂದಕ್ಕೆ ಹೋಗ್ತಲೇ ಇತ್ತು. ಯಾರ್ಯಾರವ್ರೆ ಅಂತ ನಮ್ಮ ಬೀದೀಲಿ ಎಲ್ಲರಿಗೂ ಬಾಯಿಪಾಠ. ದುರ್ಯೋಧನ ದರ್ಶನ್, ಅವರಿಗೆ ಐವತ್ತನೇ ಸಿನಿಮಾ. ಕರ್ಣ ಅರ್ಜುನ್ ಸರ್ಜಾ. ಕೃಷ್ಣ ರವಿಚಂದ್ರನ್. ಧರ್ಮರಾಯ ಶಶಿಕುಮಾರ್. ದ್ರೋಣ ಶ್ರೀನಿವಾಸಮೂರ್ತಿ. ಶಕುನಿ ರವಿಶಂಕರ್. ದ್ರೌಪದಿ ಸ್ನೇಹಾ. ಕುಂತಿ ಭಾರತಿ ವಿಷ್ಣುವರ್ಧನ್. ಭಾನುಮತಿ ಮೇಘನಾ ರಾಜ್. ಅಭಿಮನ್ಯು ನಿಖಿಲ್ ಕುಮಾರಸ್ವಾಮಿ. ರವಿಚಂದ್ರನ್ ಕೃಷ್ಣ ಅಂದಾಗ ಪಕ್ಕದ ಮನೆ ಅಕ್ಕ "ಪ್ರೇಮಲೋಕದೋನು ಕೃಷ್ಣ ಆಗ್ದೆ ಇನ್ಯಾರಾಗ್ಬೇಕು ಬುಡಿ" ಅಂತ ಒಂದೇ ಮಾತಲ್ಲಿ ಪಾಸು ಮಾಡ್ಬುಟ್ರು.

ಸಿನಿಮಾ ಬರೋಕೆ ಮುಂಚೆ ಎಲೆಕ್ಷನ್ ಬಂತು. ಮಂಡ್ಯದಿಂದ ಪಾರ್ಲಿಮೆಂಟಿಗೆ ಸುಮಲತಾ ಪಕ್ಷೇತರರಾಗಿ ನಿಂತ್ರು, ಈ ಕಡೆ ನಿಖಿಲ್ ನಿಂತ್ರು. ದರ್ಶನ್, ಯಶ್ ಇಬ್ಬರೂ ಜೋಡೆತ್ತು ಅನ್ನಿಸ್ಕೊಂಡು ಸುಮಲತಾ ಪರ ಬಿಸಿಲಲ್ಲಿ ಊರೂರು ಸುತ್ತಿದ್ರು. ಈಗ ಸ್ವಲ್ಪ ಯೋಚನೆ ಮಾಡಿ. ಭೀಷ್ಮನ ಮನೆಯೋರು, ದುರ್ಯೋಧನ ಒಂದು ಕಡೆ. ಅಭಿಮನ್ಯು ಇನ್ನೊಂದು ಕಡೆ. ಇನ್ನೂ ಪರದೆಗೆ ಬರ್ದೇ ಇರೋ ಸಿನಿಮಾದ ಪಾಳಯ ಮಂಡ್ಯದ ರಸ್ತೆ ಮೇಲೆ ಹಂಗಂಗೇ ನಿಂತಿತ್ತು! ಇದನ್ನ ಮೊದಲು ಕಂಡುಹಿಡಿದು ಹೇಳಿದ್ದು ನಮ್ಮ ಓರಗಿತ್ತಿ. ನಲ್ಲಿ ತಾವ ಬಿಂದಿಗೆ ತುಂಬೋ ಅಷ್ಟರಲ್ಲಿ. "ಅಕ್ಕ, ಇದ್ರಲ್ಲಿ ಧರ್ಮ ಯಾವ ಕಡೆ ಅಂತ ಹೆಂಗ್ ಹೇಳದು? ದುರ್ಯೋಧನ ಅವರ ಕಡೆ ಅವ್ನೆ, ಭೀಷ್ಮನೂ ಅವರ ಕಡೇನೇ." ನಾನೇನು ಹೇಳ್ಲಿ, ಭೀಷ್ಮ ಯಾವತ್ತು ಸುಲಭ ಮಾಡಿದ್ದ.

ಮನೆ ಮನೆ ಒಡೀತು ಕಣ್ರವ್ವ ಆ ಎರಡು ತಿಂಗಳು. ಯಾರು ಸರಿ ಯಾರು ತಪ್ಪು ಅನ್ನೋದಕ್ಕೆ ನಾನು ಹೋಗಲ್ಲ, ಓದೋರಲ್ಲಿ ಎರಡು ಕಡೆಯೋರೂ ಇದ್ದೀರ. ನಮ್ಮ ಗೋಡೆಯ ಈ ಕಡೆ ನಮ್ಮನೆಯೋರು ಸುಮಲತಾ ಪರ, ಆ ಕಡೆ ಮೈದ ನಿಖಿಲ್ ಪರ. ಹೊಲದ ಬದು ಹಂಚಿಕೊಳ್ಳೋವಾಗ್ಲೂ ಮಾತು ಬಿಡದೇ ಇದ್ದ ಅಣ್ಣತಮ್ಮಂದಿರು ಎಲೆಕ್ಷನ್‌ಗೆ ಮಾತು ಬಿಟ್ರು. ಮುದುಕಿಯರಿಗೆ ಬೇರೆ ಗೊಂದಲ. ಓಟಿನ ಮಿಷನ್ನಿನಲ್ಲಿ ಸುಮಲತಾ ಅನ್ನೋ ಹೆಸರಿನೋರು ಇನ್ನೂ ಮೂವರು. "ಹೆಸರು ನೋಡ್ಬೇಡಿ, ಕಹಳೆ ಊದೋ ರೈತನ್ನ ನೋಡಿ" ಅಂತ ಒಂದು ಗುಂಪಿನ ಹೆಂಗಸ್ರು ಹೇಳಿಕೊಡೋದು, ತೆನೆ ಹೊತ್ತ ಮಹಿಳೆಯನ್ನ ಮರೀಬೇಡಿ ಅಂತ ಇನ್ನೊಂದು ಗುಂಪು ಹೇಳಿಕೊಡೋದು. ಏಪ್ರಿಲ್ 18ಕ್ಕೆ ಓಟು. ಅದಾಗಿ ಎಂಟು ದಿನಕ್ಕೆ ನಮ್ಮ ಹುಡುಗ ನೋಡಿ ಬಂದ ಆ ಎಂಡ್‌ಗೇಮ್ ಬಂತು. ಮೇ 23ಕ್ಕೆ ಎಣಿಕೆ, ಸುಮಲತಾ ಒಂದೂಕಾಲು ಲಕ್ಷ ಓಟಿಗೂ ಮಿಗಿಲು ಗೆದ್ರು. ಗೆದ್ದೋರು ಪಟಾಕಿ ಹೊಡೆದ್ರು. ಗೋಡೆ ಆ ಕಡೆ ಮೈದ ಎರಡು ದಿನ ಬಾಗಿಲು ಹಾಕ್ಕೊಂಡು ಮಲಗಿದ್ದ. ಅವತ್ತು ಆ ಮನೆಗೆ ಉಪ್ಸಾರು ಮುದ್ದೆ ಕಳಿಸಿದ್ದು ನಮ್ಮತ್ತೆ, ನಮ್ಮ ಒಲೆಯಿಂದ. ನಮ್ಮನೆಯೋರು ನೋಡಿದ್ರು, ಏನೂ ಅನ್ಲಿಲ್ಲ.

ಸಿನಿಮಾ ಬಂದಿದ್ದು ಆಗಸ್ಟ್ 9ಕ್ಕೆ. ಅವತ್ತು ವರಮಹಾಲಕ್ಷ್ಮಿ ಹಬ್ಬ! ಸಿನಿಮಾ ಮಾಡಿದೋರ ಮನೇಲಿ ಹೆಂಗಸ್ರು ಇರ್ಲಿಲ್ವೇನೋ. ಗಂಡಸ್ರು ಮೊದಲ ಆಟಕ್ಕೇ ಓಡಿದ್ರು. ನಾವು ಕಳಶ ಇಳಿಸಿ, ಅರಿಶಿನ ಕುಂಕುಮ ಎಲ್ಲಾ ಮುಗಿಸಿ, ಮುಂದಿನ ವಾರ ಹೋದ್ವಿ. ನಾನು, ಓರಗಿತ್ತಿ, ನಮ್ಮತ್ತೆ, ಹುಡುಗ. ಮಂಡ್ಯದಲ್ಲಿ ಸರ್ಕಲ್ಲುಗಳಿಗೇ ಟಾಕೀಸಿನ ಹೆಸರು, ಸಂಜಯ ಸರ್ಕಲ್ಲು, ಮಹಾವೀರ ಸರ್ಕಲ್ಲು ಅಂತ. ಅಂಥಾ ಊರಲ್ಲಿ ಆ ಸಿನಿಮಾ ನೋಡೋದು ಅಂದ್ರೆ ಜಾತ್ರೆ. ಒಬ್ಬೊಬ್ಬರು ಪರದೆ ಮೇಲೆ ಬಂದಾಗ್ಲೂ ಒಂದೊಂದು ಮೂಲೆಯಿಂದ ಶಿಳ್ಳೆ. ಹಿಂದಿನ ಸಾಲಿನ ಹುಡುಗ್ರು ಫೋನಲ್ಲಿ ಹೊತ್ತು ನೋಡ್ಕೊಂಡು ಯಾರಿಗೆ ಎಷ್ಟು ನಿಮಿಷ ಅಂತ ಲೆಕ್ಕ ಹಾಕ್ತಿದ್ರು. ಅದು ದುರ್ಯೋಧನನ ಸಿನಿಮಾ ಅಂತ ಮೊದಲೇ ಗೊತ್ತು, ರನ್ನನ ಗದಾಯುದ್ಧ ಇಟ್ಕೊಂಡು ಮಾಡಿದ್ದು. ಹಂಗಾಗಿ ಉಳಿದೋರಿಗೆಲ್ಲಾ ಹೊತ್ತು ಕಮ್ಮಿ ಬಿತ್ತು. ಕರ್ಣಂಗೆ ಇನ್ನೂ ಕೊಡಬೇಕಿತ್ತು ಅಂತ ಒಂದು ಗುಂಪು, ಅಭಿಮನ್ಯುಗೆ ಬೇಕು ಅಂತಲೇ ಕಮ್ಮಿ ಮಾಡವ್ರೆ ಅಂತ ಇನ್ನೊಂದು ಗುಂಪು. ಹೊರಗೆ ಪಾರ್ಕಿಂಗ್‌ನಲ್ಲಿ ಗಾಡಿ ತೆಗೆಯೋ ತನಕ ಅದೇ.

ನಮ್ಮತ್ತೆಗೆ ಇದ್ಯಾವುದೂ ಬೇಕಿರ್ಲಿಲ್ಲ. ಬಿಳೀ ಗಡ್ಡ ಬಿಟ್ಕೊಂಡು ಭೀಷ್ಮ ಬಂದಾಗ ಟಾಕೀಸೆಲ್ಲಾ ಶಿಳ್ಳೆ ಹೊಡೆದ್ರೆ ಇವರು ಕೈ ಮುಗಿದ್ರು. ಅಕ್ಕಪಕ್ಕ ನೋಡ್ತೀನಿ, ಇನ್ನೂ ನಾಕೈದು ಮುದುಕಿಯರು ಮುಗೀತಾವ್ರೆ. ಕುಂತಿಯಾಗಿ ಭಾರತಿ ಬಂದಾಗ ನಮ್ಮತ್ತೆ ನನ್ನ ಕಿವಿ ತಾವ, "ವಿಷ್ಣು ಹೆಂಡ್ತಿ ಅಲ್ವಾ? ಅವನ ಸ್ನೇಹಿತನೂ ಹೋದ, ಪಾಪ ಇವಳು ಹೆಂಗೆ ಈ ಸೀನು ಮಾಡ್ದಳೋ" ಅಂದ್ರು. ಸಿನಿಮಾ ಮಾಡೋವಾಗ ಅಂಬರೀಷ್ ಇನ್ನೂ ಇದ್ರು ಅಂತ ನಾನು ಹೇಳಿದೆ. "ಇದ್ರೆ ಏನು, ಈಗ ನೋಡ್ತಾಳಲ್ಲ" ಅಂದ್ರು.

ಮನೆಗೆ ಬಂದ ಮೇಲೆ ಮಾತು ಶುರುವಾಗಿದ್ದು. ಗೋಡೆಯ ಎರಡು ಕಡೆಗೂ ಸೇರಿದ ಹಿಂದಲ ಪಡಸಾಲೆಯಲ್ಲಿ, ಅವರೆಕಾಯಿ ಸುಲಿಯೋ ಹೊತ್ತಲ್ಲ, ಸುಮ್ಮನೆ ಕಾಲು ಚಾಚ್ಕೊಂಡು. ಓರಗಿತ್ತಿ ಅಂದ್ಳು, ಭಾನುಮತಿ ಎರಡು ಸಲ ಬಂದು ಹೋದ್ಲು, ದುರ್ಯೋಧನ ಸತ್ತ ಮೇಲೆ ಅವಳೇನಾದ್ಲು ಅಂತ ಯಾರೂ ಹೇಳ್ಲಿಲ್ಲ ಅಂತ. ನಮ್ಮತ್ತೆ ಅದಕ್ಕೆ ಹೇಳಿದ ಮಾತು, ಅವತ್ತಿಂದ ನಮ್ಮ ಮನೇಲಿ ಗಾದೆ ಆಗೋಗಿದೆ: "ಹದಿನೆಂಟು ದಿನ ಎಲ್ಲರೂ ತೋರಿಸ್ತಾರೆ ಕಣವ್ವ. ಹತ್ತೊಂಬತ್ತನೇ ದಿನ ಯಾರು ತೋರಿಸವ್ರೆ?"

ನನಗೆ ಒಂದು ಗಳಿಗೆ ಅರ್ಥ ಆಗ್ಲಿಲ್ಲ. ಆಮೇಲೆ ಹೊಳೀತು. ನಮ್ಮೂರ ನಾಟಕವೂ ಗದಾಯುದ್ಧಕ್ಕೆ ಮುಗಿದು ಮಂಗಳ ಹಾಡ್ತಿತ್ತು, ರನ್ನನ ಹೆಸರು ಹೇಳಿದ ಸಿನಿಮಾವೂ ಹೆಚ್ಚೂ ಕಮ್ಮಿ ಅಲ್ಲಿಗೇ. ಭಾರತದಲ್ಲಿ ಅದಾದ ಮೇಲೆ ಹೆಂಗಸ್ರು ರಣಕ್ಕೆ ಬರೋದು ಒಂದು ದೊಡ್ಡ ಭಾಗವೇ ಅದೆ, ಸ್ತ್ರೀಪರ್ವ ಅಂತ. ಗಾಂಧಾರಿ ಬರ್ತಾಳೆ, ಸೊಸೆಯರು ಬರ್ತಾರೆ, ನರಿ ನಾಯಿ ಎಳೆದಾಡೋ ಹೆಣಗಳಲ್ಲಿ ತಮ್ಮ ತಮ್ಮ ಗಂಡಂದಿರನ್ನ ಹುಡುಕ್ತಾರೆ. ಗೆದ್ದೋರ ಮನೆ ಹೆಂಗಸ್ರೂ ಅಲ್ಲೇ, ಸೋತೋರ ಮನೆ ಹೆಂಗಸ್ರೂ ಅಲ್ಲೇ. ದ್ರೌಪದಿ ಮಕ್ಕಳು ಐದೂ ಹೋಗಿರ್ತವೆ. ಕರ್ಣ ನನ್ನ ಮಗ ಅಂತ ಕುಂತಿ ಬಾಯಿ ಬಿಡೋದೂ ಅದೇ ಹೊತ್ತಲ್ಲಿ, ಎಳ್ಳುನೀರು ಬಿಡುವಾಗ. ಇಷ್ಟೆಲ್ಲಾ ಇರೋ ಭಾಗಕ್ಕೆ ನಮ್ಮೂರಲ್ಲಿ ಪಾರ್ಟು ಕಟ್ಟೋರು ಯಾರು? ಗದೆ ಇಲ್ಲ, ಕಿರೀಟ ಇಲ್ಲ, ಒನ್ಸ್ ಮೋರ್ ಇಲ್ಲ.

ಅಷ್ಟೊತ್ತು ಫೋನ್ ನೋಡ್ಕೊಂಡು ಕೂತಿದ್ದ ಹುಡುಗ ತಲೆ ಎತ್ತಿದ. "ಅಜ್ಜಿ, ಆ ಇಂಗ್ಲೀಷ್ ಸಿನಿಮಾದಲ್ಲಿ ತೋರಿಸವ್ರೆ" ಅಂದ. ಏನ್ ತೋರಿಸವ್ರೆ? ಯುದ್ಧ ಎಲ್ಲಾ ಮುಗಿದು ಐರನ್ ಮ್ಯಾನ್ ಸತ್ತ ಮೇಲೆ ಅವನ ತಿಥಿ ತೋರಿಸವ್ರಂತೆ. ಮನೆ ಮುಂದೆ ಕೆರೆ, ಹೀರೋಗಳೆಲ್ಲಾ ಕರೀ ಬಟ್ಟೆ ಹಾಕ್ಕೊಂಡು ಸಾಲಾಗಿ ಸುಮ್ಮನೆ ನಿಂತಿರ್ತಾರಂತೆ, ಯಾರೂ ಹಾರಲ್ಲ, ಯಾರೂ ಹೊಡಿಯಲ್ಲ.

"ಹೆಂಡ್ತಿ ಇದ್ದಾಳಾ?" ಅಂತ ಕೇಳಿದ್ರು ನಮ್ಮತ್ತೆ.

"ಅವಳೇ ಅಜ್ಜಿ ಹೂವು ನೀರಿಗೆ ಬಿಡದು. ಒಬ್ಬಳು ಚಿಕ್ಕ ಮಗಳೂ ಅವಳೆ."

"ನಂಗೂ ತೋರ್ಸು ಅದನ್ನ."

ಫೋನಲ್ಲಿ ಅಷ್ಟನ್ನ ಹುಡುಕಿ ತೋರಿಸಿದ. ಯಾರು ಯಾರು ಅಂತ ಅವರಿಗೆ ಒಬ್ಬರೂ ಗೊತ್ತಿಲ್ಲ. ಕನ್ನಡಕ ಸರಿ ಮಾಡ್ಕೊಂಡು ಪೂರ್ತಿ ನೋಡಿದ್ರು. ಹುಡುಗ ಒಬ್ಬೊಬ್ಬರ ಹೆಸರು ಹೇಳ್ತಾ ಹೋದ, ಇವನು ಇಂಥೋನು, ಇವನ ಶಕ್ತಿ ಇಂಥಾದ್ದು ಅಂತ. ಅವರು ಕೇಳಿದ್ದು ಬೇರೆಯೇ. ಈ ಹಿಂದ್ಗಡೆ ನಿಂತಿರೋ ಹುಡುಗ ಯಾರ ಮಗ, ಈ ಎಮ್ಮ ಯಾರ ಕಡೆಯೋಳು, ಅವರಿಬ್ಬರಿಗೂ ಮುಂಚೆ ಜಗಳ ಇತ್ತಾ, ಇದ್ರೂ ಬಂದವ್ರಾ. ಇತ್ತು, ದೊಡ್ಡ ಜಗಳ ಇತ್ತು, ಆದ್ರೂ ಬಂದವ್ನೆ ಅಂತ ಹುಡುಗ ಒಬ್ಬನ್ನ ತೋರಿಸ್ದ. ನಮ್ಮತ್ತೆ "ಹ್ಞೂಂ" ಅಂದು ಫೋನು ವಾಪಸ್ ಕೊಟ್ಟರು. ಅವರ ತೀರ್ಪಲ್ಲಿ ಅವತ್ತು ಇಂಗ್ಲೀಷಿನೋರು ಗೆದ್ರು, ನನಗೂ ಹಂಗೇ ಅನ್ನಿಸ್ತು. ಇದನ್ನ ಓದಿ ದರ್ಶನ್ ಅಭಿಮಾನಿ ಅಕ್ಕಂದಿರು ಬೈಬೇಡಿ, ಗದಾಯುದ್ಧದ ಸೀನು ನಮಗೂ ಇಷ್ಟ ಆಯ್ತು.

ಅಣ್ಣತಮ್ಮಂದಿರ ಮಾತು ಮಾತ್ರ ಆ ವರ್ಷವೆಲ್ಲಾ ಶುರುವಾಗ್ಲಿಲ್ಲ. ಹೆಂಗಸ್ರು ಓಡಾಡ್ತಿದ್ವಿ, ಮೊಸರಿಗೆ ಹೆಪ್ಪು ಈ ಕಡೆಯಿಂದ ಆ ಕಡೆ, ಒಗ್ಗರಣೆಗೆ ಕರಿಬೇವು ಆ ಕಡೆಯಿಂದ ಈ ಕಡೆ. ಗಂಡಸ್ರು ಎದುರುಬದುರು ಬಂದ್ರೆ ಒಬ್ಬರು ಕೆಮ್ಮೋದು, ಇನ್ನೊಬ್ಬರು ಟವೆಲ್ ಕೊಡವೋದು.

2020ರಲ್ಲಿ ಲಾಕ್‌ಡೌನ್ ಆಯ್ತಲ್ಲ, ಆಗ ಸ್ಟಾರ್ ಸುವರ್ಣದಲ್ಲಿ ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಬಂತು. ಇದು ಹಳೇ ಭಾನುವಾರದ್ದಲ್ಲ, ಹೊಸದು. ಎಲ್ಲಿಗೂ ಹೋಗಂಗಿಲ್ಲ, ಸಿನಿಮಾ ಇಲ್ಲ, ಊರಬ್ಬ ಇಲ್ಲ, ನಾಟಕ ಇಲ್ಲ. ಮೈದನ ಮನೆ ಟೀವಿ ಆ ಹೊತ್ತಿಗೆ ಕೆಟ್ಟು ಕೂತಿತ್ತು, ರಿಪೇರಿಯೋರು ಬರಂಗಿಲ್ಲ. ಮೊದಲು ಹುಡುಗ ನಮ್ಮ ಕಡೆ ಬಂದು ಕೂತ, ಆಮೇಲೆ ಓರಗಿತ್ತಿ. ಒಂದು ವಾರ ಮೈದ ಬಾಗಿಲ ತಾವ ನಿಂತು ನೋಡ್ತಿದ್ದ, ಮಗನ್ನ ಕರಿಯಕೆ ಬಂದೋನಂಗೆ. ನಮ್ಮನೆಯೋರು ತಲೆ ತಿರುಗಿಸ್ದೇ ಕಾಲಲ್ಲೇ ಒಂದು ಸ್ಟೂಲು ಅತ್ತಾಗೆ ತಳ್ಳಿದ್ರು.

ನಮ್ಮತ್ತೆ ದಿನಾ ಅದೇ ಕೇಳೋರು, ಹತ್ತೊಂಬತ್ತನೇ ದಿನ ಯಾವಾಗ ಬರ್ತದೆ ಅಂತ. "ಇನ್ನೂ ಯುದ್ಧವೇ ಶುರುವಾಗಿಲ್ಲ ಕಣವ್ವ, ಸುಮ್ಕಿರು" ಅಂತ ಮೈದ ಅಂದ. "ಹತ್ತನೇ ದಿನಕ್ಕೆ ಭೀಷ್ಮ ಬೀಳ್ತಾನೆ, ಆಮೇಲೆ ಬೇಗ ಬೇಗ ಹೋಗ್ಬುಡ್ತದೆ" ಅಂತ ಸ್ಟೂಲಿನ ಪಕ್ಕದಿಂದ ನಮ್ಮನೆಯೋರು ಸೇರಿಸಿದ್ರು. ನಾನೂ ಓರಗಿತ್ತೀನೂ ಮುಖ ಮುಖ ನೋಡ್ಕೊಂಡು, ಮುದ್ದೆಗೆ ಎಸರಿಡಕೆ ಎದ್ದು ಒಳಗೆ ಹೋದ್ವಿ.